ಆಯುಧ ಪೂಜೆಯ ದಿನ ಕಾಣೆಯಾದ ಗಂಟೆ

ನಮ್ಮ ಪೀಣ್ಯದ ಶೆಡ್ಡಿನಲ್ಲಿ ಆಯುಧ ಪೂಜೆಯ ದಿನ ಗಂಟೆ ಕದ್ದವಳು ನಾನೇ. ಕದಿಯುವುದಕ್ಕೆ ಕಾರಣವಿತ್ತು. ಆ ಕಾರಣವೂ ನಾನೇ.

ಅಂದು ಬೆಳಿಗ್ಗೆ ಪೂಜೆಗೆಂದು ಗ್ರೈಂಡರ್ ಬಿಚ್ಚಿ ಒರೆಸುತ್ತಿದ್ದೆ. ಎಣ್ಣೆಗೈಯಿಂದ ಅದರ ಸಾಣೆಕಲ್ಲು ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಎತ್ತಿ ತಿರುಗಿಸಿ ನೋಡಿದೆ, ಏನೂ ಕಾಣಲಿಲ್ಲ. ಕಾಣದ ಬಿರುಕಿನದೇ ಭಯ. ಕೂದಲೆಳೆಯಷ್ಟು ಇದ್ದರೂ ಸಾಕು, ವೇಗವಾಗಿ ತಿರುಗುವಾಗ ಕಲ್ಲು ಒಡೆದು ಚೂರುಗಳು ಮುಖಕ್ಕೇ ಬರುತ್ತವೆ. ಪತ್ತೆ ಮಾಡುವ ಉಪಾಯ ಸುಲಭ. ಕಲ್ಲನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಬೇಕು. ಣಣ್ ಎಂದರೆ ಗಟ್ಟಿ, ಟಪ್ ಎಂದರೆ ಕಸಕ್ಕೆ.

ನಾನು ತಟ್ಟುವಷ್ಟರಲ್ಲಿ ಮೇಸ್ತ್ರಿ ಬಂದು ಕಲ್ಲು ಕಿತ್ತುಕೊಂಡರು.

"ಮಕ್ಳಾಟ ಬಿಡು. ಕಲ್ಲು ಎಂಗೈತೆ ಅಂತ ನಂಗೆ ನೋಡಿದ್ರೇ ಗೊತ್ತಾಯ್ತದೆ" ಎಂದು ಕುಂಕುಮ ಬಳಿದು ದೇವರ ಮುಂದಿಟ್ಟರು. ಬೀಳಿಸಿದೆ ಎಂದು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಹಿಂದಿನ ವಾರ ಒಂದು ಸ್ಪ್ಯಾನರ್ ಕಳೆದಿದ್ದಕ್ಕೆ ಅವರು ಬೈದ ಬೈಗುಳ ಪಕ್ಕದ ಶೆಡ್ಡಿನವರಿಗೂ ಬಾಯಿಪಾಠವಾಗಿತ್ತು.

ಪೂಜೆಯಾದ ಮೇಲೆ ಆ ಕಲ್ಲು ಕೂರಿಸಿ ಮೊದಲ ಕಿಡಿ ಹಾರಿಸುವುದು ಮೇಸ್ತ್ರಿಯ ಹಕ್ಕು. ಅದೂ ಕಿಡಿ ತಡೆಯುವ ಕನ್ನಡಕವಿಲ್ಲದೆ. ವರ್ಷವಿಡೀ ಕನ್ನಡಕ ಬಿಡದ ಮನುಷ್ಯ, ಹಣೆಯ ವಿಭೂತಿ ಅಳಿಸುತ್ತದೆಂದು ಅದೊಂದು ದಿನ ಬರಿಗಣ್ಣಲ್ಲಿ ನಿಲ್ಲುತ್ತಿದ್ದರು. ಆ ಕಣ್ಣುಗಳನ್ನು ನೆನೆದೆ. ದೇವರ ಮುಂದಿದ್ದ ಗಂಟೆಯನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಇಳಿಸಿ, ಬ್ಯಾಗನ್ನು ಹೆಗಲಿಗೇರಿಸಿದೆ.

ಕರ್ಪೂರ ಹೊತ್ತಿತು. ಗಂಟೆ ಇಲ್ಲ. ಎಲ್ಲರೂ ಹುಡುಕಿದರು, ಎಲ್ಲರಿಗಿಂತ ಹೆಚ್ಚು ಮುತುವರ್ಜಿಯಿಂದ ನಾನು ಹುಡುಕಿದೆ. ಲೇತಿನ ಕೆಳಗೂ ಬಗ್ಗಿ ನೋಡಿದೆ. ಕೊನೆಗೆ ಆಗ ತಾನೇ ಹೊಳೆದಂತೆ, "ಮೇಸ್ತ್ರಿ, ಕಲ್ಲನ್ನೇ ಬಾರಿಸ್ಬಿಡಿ. ಅದೂ ಗಂಟೆ ತರಾನೇ ಅಲ್ವಾ?" ಎಂದೆ.

ಕರ್ಪೂರ ಆರುತ್ತದೆಂಬ ಗಾಬರಿಯಲ್ಲಿ ಅವರು ಕಲ್ಲನ್ನು ಬೆರಳಿಗೇರಿಸಿ ತಟ್ಟಿದರು. ಟಪ್. ಇನ್ನೊಂದು ಕಡೆ ತಟ್ಟಿದರು. ಟಪ್. ಹೆಬ್ಬೆರಳಿನಿಂದ ಕುಂಕುಮ ಒರೆಸಿದರು. ಬಿರುಕಿನೊಳಗೆ ಇಳಿದದ್ದು ಮಾತ್ರ ಹೋಗದೆ, ಸಣ್ಣ ಕೆಂಪು ಗೆರೆಯಾಗಿ ಉಳಿಯಿತು.

"ಯಾರು ಬೀಳ್ಸಿದ್ದು?"

ನಾನೇ ಎಂದು ಕೈ ಎತ್ತಿದೆ. ಬ್ಯಾಗು ಅಲುಗಿ, ಕರ್ಚೀಫು ಸಡಿಲಾಗಿ, ಒಳಗಿನ ಗಂಟೆ ಇಡೀ ಶೆಡ್ಡಿಗೆ ಕೇಳುವಂತೆ ಮೊಳಗಿತು.

ಮೇಸ್ತ್ರಿ ಹೊಸ ಕರ್ಪೂರ ಹಚ್ಚಿ ಮಂಗಳಾರತಿ ಮುಗಿಸಿದರು. ಯಾರೂ ಮತ್ತೆ ಬಳಸದಂತೆ ಆ ಕಲ್ಲನ್ನು ಸುತ್ತಿಗೆಯಿಂದ ಒಡೆದು ಹಾಕಿದರು. ಹೊಸದನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಕೂರಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡರು. ವಿಭೂತಿ ಅಳಿಸಿಹೋಯಿತು. ಪಕ್ಕಕ್ಕೆ ಸರಿದು ನಿಂತು, ಒಂದು ನಿಮಿಷ ಖಾಲಿ ಓಡಿಸಿ, ಕಿಡಿ ಹಾರಿಸಿದರು. ನನಗೆ ಅಳು ಬಂದುಬಿಟ್ಟಿತು.

ಪುರಿ ಹಂಚುತ್ತಾ ಬಂದ ಮೇಸ್ತ್ರಿ ನನಗೂ ಒಂದು ಹಿಡಿ ಹಾಕಿ, ನನ್ನ ಮುಂದೆಯೇ ನಿಂತರು. "ದೇವ್ರ ಗಂಟೆ ಕದಿಯಾಕೆ ಧೈರ್ಯ ಐತೆ. ನನ್ ತಾವ ಒಂದ್ ಮಾತು ಏಳಾಕೆ ಇಲ್ವಾ?"

"ದೇವ್ರು ಬೈಯಲ್ಲ, ಮೇಸ್ತ್ರಿ."

ಅವರು ನನ್ನ ಬೊಗಸೆಗೆ ಇನ್ನೊಂದು ಹಿಡಿ ಪುರಿ ಹಾಕಿದರು.