ಸಾಕಮ್ಮನವರು ತೊಳೆದ ಕಾಸುಗಳು

ಬೂಕನಕೆರೆಯ ಸಾಕಮ್ಮನವರು ತಾವು ಮಾಡದ ಒಂದು ತಪ್ಪಿಗಾಗಿ ಆರು ವರ್ಷ ತಮ್ಮ ಸತ್ತ ಗಂಡನ ಪಟದ ಮುಂದೆ ನಿಂತು ಕ್ಷಮೆ ಕೇಳಿದರು. ಅದು ಅವರದೇ ತಪ್ಪು ಎಂದು ನಂಬಿಸಿದವನು ನಾನು — ಹಳೆಯ ನಾಣ್ಯಗಳ ವ್ಯಾಪಾರಿ. ಅಷ್ಟಕ್ಕೇ ನಿಂತಿದ್ದರೆ… ಇಲ್ಲ, ಅಷ್ಟಕ್ಕೇ ನಿಂತಿದ್ದರೂ ಅದು ಸಣ್ಣದೇನಲ್ಲ. ಆದರೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಇಲ್ಲದ ತಪ್ಪನ್ನು ದೊಡ್ಡ ಮನಸ್ಸು ಮಾಡಿ ಮನ್ನಿಸಿಯೂ ಬಿಟ್ಟೆ.

ಈಗ ಸಾಕಮ್ಮನವರೂ ಇಲ್ಲ. ನನಗೂ ವಯಸ್ಸಾಯಿತು. ವಯಸ್ಸಾದವರು ತಪ್ಪೊಪ್ಪಿಕೊಂಡರೆ ಜನ ಬೇಗ ಕರಗುತ್ತಾರೆ, ದಯವಿಟ್ಟು ಕರಗಬೇಡಿ. ಇದು ನಡೆದಾಗ ನನಗೆ ನಲವತ್ತೂ ತುಂಬಿರಲಿಲ್ಲ. ಕಣ್ಣು, ಕಿವಿ, ಬುದ್ಧಿ ಎಲ್ಲ ನೆಟ್ಟಗಿದ್ದವು. ಮನೆಯಲ್ಲಿ ಉಣ್ಣಲು ಉಡಲು ಕೊರತೆಯೇನೂ ಇರಲಿಲ್ಲ.

ಶ್ರೀರಂಗಪಟ್ಟಣದ ಕೋಟೆಯೊಳಗೆ ನನ್ನ ಅಂಗಡಿ. ಹಿತ್ತಾಳೆ ದೀಪ, ತುಕ್ಕು ಹಿಡಿದ ಬೀಗ, ಹಳೆಯ ಕಾಸು — ಇಷ್ಟೇ ಸರಕು. ಸುಲ್ತಾನರ ಕಾಲದ ಆನೆಕಾಸು ಎಂದು ಪ್ರವಾಸಿಗರಿಗೆ ಮಾರುತ್ತಿದ್ದುದರಲ್ಲಿ ಅರ್ಧಕ್ಕರ್ಧ ಹೊಸ ಅಚ್ಚಿನವು. ಅವನ್ನು ಬಚ್ಚಲ ನೀರು ಹರಿಯುವ ಕಡೆ ಮಣ್ಣಿನಲ್ಲಿ ಹೂತಿಟ್ಟು, ಎರಡು ತಿಂಗಳಿಗೆ ತೆಗೆದರೆ ಇನ್ನೂರು ವರ್ಷ ವಯಸ್ಸಾಗಿರುತ್ತಿತ್ತು. ಅದನ್ನೂ ತಪ್ಪೆಂದು ಇಲ್ಲಿ ಸೇರಿಸಬಹುದು. ಆದರೆ ಸುಳ್ಳು ಹೇಳಿದರೆ ಈ ಬರಹಕ್ಕೆ ಅರ್ಥವಿಲ್ಲ — ಅದರ ಬಗ್ಗೆ ನನಗೆ ಅಷ್ಟೇನೂ ನಾಚಿಕೆಯಿಲ್ಲ.

ಬೋರೇಗೌಡ ಮೇಷ್ಟ್ರು ಮೊದಲ ಸಲ ಅಂಗಡಿಗೆ ಬಂದಾಗಲೂ ಅಂಥದೇ ಒಂದು ಕಾಸನ್ನು ಅವರ ಕೈಗಿಟ್ಟಿದ್ದೆ. ಅವರು ಅದನ್ನು ಉಗುರಿನಿಂದ ಕೆರೆದು, ಮೂಸಿ, ಗಟ್ಟಿಯಾಗಿ ನಕ್ಕರು. "ಲೇ, ಈ ಆನೆ ಓದ್ ತಿಂಗ್ಳು ಉಟ್ಟಿದ್ದು ಕಣ್ಲಾ. ಇನ್ನೂ ಆಲು ಕುಡೀತಾ ಅದೆ!" ನಾನೂ ನಕ್ಕುಬಿಟ್ಟೆ. ಅಲ್ಲಿಂದ ಮುಂದೆ ಹನ್ನೆರಡು ವರ್ಷ ಅವರಿಗೆ ಒಂದೇ ಒಂದು ಸುಳ್ಳು ಕಾಸು ಕೊಡಲಿಲ್ಲ. ಊರಿಗೆಲ್ಲ ಮಂಕುಬೂದಿ ಎರಚುವವನಿಗೂ ತನ್ನ ಕಸುಬನ್ನು ಬಲ್ಲ ಒಬ್ಬ ಮನುಷ್ಯ ಬೇಕು. ನನಗೆ ಅವರಿದ್ದರು.

ಮೇಷ್ಟ್ರು ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಹಳ್ಳಿ ಶಾಲೆಗಳಲ್ಲಿ ಸುತ್ತಾಡಿದವರು. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ಕಾಸುಗಳನ್ನು ಮಕ್ಕಳು ಆಟಕ್ಕೆಂದು ಶಾಲೆಗೆ ತರುತ್ತಿದ್ದರು. ಇವರು ಒಂದು ಕಾಸಿಗೆ ಒಂದು ನೋಟುಪುಸ್ತಕ, ಬೆಳ್ಳಿಯದಾದರೆ ಮನೆಯವರನ್ನು ಕರೆಸಿ ತಕ್ಕ ಬೆಲೆ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಪ್ರತಿಯೊಂದಕ್ಕೂ ಒಂದು ಕಾಗದದ ಪೊಟ್ಟಣ. ಪೊಟ್ಟಣದ ಮೇಲೆ ಯಾವ ಊರು, ಯಾರ ಹೊಲ, ಯಾವ ಬೆಳೆಗೆ ಉಳುವಾಗ ಸಿಕ್ಕಿತು — ಎಲ್ಲ ದುಂಡು ಅಕ್ಷರದಲ್ಲಿ. ತಾಮ್ರದ ಆನೆಕಾಸುಗಳೇ ಹೆಚ್ಚು. ಜೊತೆಗೆ ಶ್ರೀರಂಗಪಟ್ಟಣದ ಟಂಕಸಾಲೆಯ ಬೆಳ್ಳಿ ರೂಪಾಯಿಗಳು, ಕಡಲೆಬೇಳೆಯಷ್ಟು ಪುಟ್ಟ ಚಿನ್ನದ ನಾಣ್ಯಗಳು ಒಂದಿಷ್ಟು. ಇದೆಲ್ಲ ಒಟ್ಟಿಗೇ ಉಳಿಯಬೇಕು, ತಾವು ಹೋದ ಮೇಲೆ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಗಾಜಿನ ಬೀರುವಿನೊಳಗೆ ಪೊಟ್ಟಣಗಳ ಸಮೇತ ಇರಬೇಕು ಎಂಬುದು ಅವರ ಆಸೆ. ಎಷ್ಟು ಸಲ ಹೇಳಿದ್ದರೋ. ಹೆಂಡತಿ ಸಾಕಮ್ಮನವರಿಗೂ ನನ್ನ ಹೆಸರು ಹೇಳಿಟ್ಟಿದ್ದರಂತೆ: "ನಂಗೇನಾರ ಆದ್ರೆ ಪಟ್ಟಣದ ರಾಮಣ್ಣನ್ನ ಕರ್ಸು. ಅವ್ನು ಯೋಳ್ದಂಗೆ ಮಾಡು."

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಮೇಷ್ಟ್ರು ಎದೆನೋವೆಂದು ಕುಳಿತವರು ಏಳಲಿಲ್ಲ. ನಾನು ಮಣ್ಣಿಗೂ ಹೋಗಿದ್ದೆ, ಅತ್ತೂ ಇದ್ದೆ. ಆ ಅಳು ಸುಳ್ಳಲ್ಲ. ಹನ್ನೊಂದನೆಯ ದಿನದ ತಿಥಿ ಕಳೆದು ವಾರವಾದ ಮೇಲೆ ಸಾಕಮ್ಮನವರು ಮಗನ ಕೈಲಿ ಹೇಳಿಕಳಿಸಿದರು. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಬೂಕನಕೆರೆಗೆ ಹೋದೆ. ಮಗ ಗದ್ದೆಯ ಕಡೆ ಹೋಗಿದ್ದ. ಸಾಕಮ್ಮನವರು ಒಳಗಿನಿಂದ ಒಂದು ಮೊರ ತಂದು ನನ್ನ ಮುಂದಿಟ್ಟರು.

ಮೊರದ ತುಂಬ ಕಾಸು. ಒಂದೊಂದೂ ತನ್ನ ತನ್ನ ಪೊಟ್ಟಣದ ಮೇಲೆ ಕುಳಿತಿತ್ತು. ಮತ್ತು ಒಂದೊಂದೂ ಹೊಸ ಚೊಂಬಿನ ಹಾಗೆ ಫಳಫಳ ಹೊಳೆಯುತ್ತಿತ್ತು.

ನನ್ನ ಮುಖ ಬಾಡಿದ್ದು ಅವರಿಗೆ ಕಂಡಿತು. "ಯಾಕ್ ರಾಮಣ್ಣ?" ಎಂದರು. ಆಮೇಲೆ ತಾವೇ ವಿವರಿಸಿದರು. "ಸಾವಾದ್ ಮನೆ ಅಲ್ವಾ? ತಿಥಿ ದಿನ ಮನೇಲಿರೋ ತಾಮ್ರ, ಇತ್ತಾಳೆ ಎಲ್ಲಾನೂ ಉಣಸೆಉಳಿ, ಬೂದಿ ಆಕಿ ಬೆಳಗಿದ್ವಿ. ಇದ್ನೊಂದ ಅಂಗೇ ಬುಡಕಾಯ್ತದಾ? ಸೂತಕದ್ ಪದಾರ್ಥನ ನಿನ್ ಕೈಗೆ ಎಂಗ್ ಕೊಡ್ಲಿ ಅಂತ ನಾನೇ ಕುಂತು ಒಂದೊಂದಾಗಿ ತೊಳ್ದೆ. ನಂಗೆ ಓದಕ್ ಬರಾಕಿಲ್ಲ ನೋಡು, ಒಂದನ್ನ ತೊಳ್ದು ಅದ್ರ ಪೊಟ್ಣದ್ ಮ್ಯಾಲೆ ಇಟ್ಟೇ ಇನ್ನೊಂದ್ ತಕೊಂಡೆ. ಒಂದೂ ಅದಲು ಬದಲಾಗಿಲ್ಲ."

ಎರಡು ದಿನ ಹಿಡಿಯಿತಂತೆ. ಬೆರಳ ತುದಿ ಹುಳಿಗೆ ಬಿರಿದಿತ್ತು.

ಹಳೆಯ ತಾಮ್ರದ ಕಾಸಿಗೆ ನೂರಾರು ವರ್ಷದಲ್ಲಿ ಬಂದ ಕಂದುಬಣ್ಣವೇ ಅಂದ. ಅದನ್ನು ಉಜ್ಜಿ ತೆಗೆದರೆ ಸಂಗ್ರಹ ಮಾಡುವವರು ಮೂಗು ಮುರಿಯುತ್ತಾರೆ, ಬೆಲೆ ಇಳಿಯುತ್ತದೆ. ಹಾಗಾಗಿ ಮೊದಲ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಸಂಕಟವಾಯಿತು. ಅದು ಒಂದೇ ಗಳಿಗೆ. ಮುಂದಿನ ಗಳಿಗೆಯಲ್ಲಿ ನನ್ನ ಕಣ್ಣು ಚಿನ್ನದ ಮೇಲೆ ಬಿತ್ತು. ಚಿನ್ನಕ್ಕೆ ಹುಳಿ ಏನು ಮಾಡೀತು? ಅಕ್ಕಸಾಲಿಯ ಮನೆಯ ಮಗುವನ್ನು ಕೇಳಿದರೂ ಹೇಳುತ್ತದೆ, ಏನೂ ಇಲ್ಲ. ಬೆಳ್ಳಿಗೂ ಹೇಳಿಕೊಳ್ಳುವಂಥ ಊನವಾಗಿರಲಿಲ್ಲ. ಇನ್ನು ತಾಮ್ರದವು ಹೇಗೂ ಕೈಗೆಟುಕುವ ಸಾಮಾನ್ಯ ಕಾಸುಗಳು. ಅವುಗಳ ನಿಜವಾದ ಬೆಲೆ ಇದ್ದದ್ದು ಆ ಪೊಟ್ಟಣದ ಬರಹದಲ್ಲಿ, ಅದನ್ನು ಈ ತಾಯಿ ಜೋಪಾನವಾಗಿ ಉಳಿಸಿದ್ದರು. ಕಾಲೇಜಿನ ಬೀರುವಿಗೆ ಏನೇನೂ ಕೊರತೆಯಿರಲಿಲ್ಲ. ಇದೆಲ್ಲ ನನಗೆ ಅಲ್ಲಿ, ಆ ಜಗುಲಿಯ ಮೇಲೆ ಕುಳಿತಿದ್ದಾಗಲೇ ಗೊತ್ತಿತ್ತು. ಆಮೇಲೆ ಹೊಳೆದದ್ದಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: "ನಾನೇನಾರ ತಪ್ ಮಾಡ್ಬುಟ್ನಾ?"

ಕುತ್ತಿಗೆ ಕೊಟ್ಟರು ಅನ್ನುತ್ತಾರಲ್ಲ — ಹಾಗೆ. ನಾನು ಸುಳ್ಳನ್ನು ಕಟ್ಟಬೇಕಾಗಿಯೂ ಇರಲಿಲ್ಲ. ತಲೆಯಾಡಿಸಿದರೆ ಸಾಕಿತ್ತು.

"ಹೌದಕ್ಕ," ಎಂದೆ. "ತೊಳೆದುಬಿಟ್ರಲ್ಲ, ಎಲ್ಲಾ ಹೋಯ್ತು."

"ಎಲ್ಲಾನೂವಾ?"

"ಎಲ್ಲಾನೂ. ಇನ್ನು ಕಾಲೇಜಿನವರೂ ಮುಟ್ಟಲ್ಲ. ಲೋಹದ ತೂಕಕ್ಕೆ ಅಷ್ಟೇ."

ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಮೊರದ ಅಂಚನ್ನು ಹಿಡಿದುಕೊಂಡು ಒಳಕೋಣೆಯ ಗೋಡೆಗೆ ತೂಗುಹಾಕಿದ್ದ ಮೇಷ್ಟ್ರ ಪಟದ ಕಡೆ ನೋಡಿದರು. ಕೂಡಲೇ ಕಣ್ಣು ಕೆಳಗೆ ಹಾಕಿದರು. ಅನ್ನ ಉಕ್ಕಿಸಿ ಒಲೆ ಆರಿಸಿದ ಹೊಸ ಸೊಸೆ ಹಾಗೆ ನಿಲ್ಲುತ್ತಾಳೆ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಹಾಗೆ ನಿಂತದ್ದನ್ನು ನಾನು ನೋಡಿದೆ. ನೋಡಿಯೂ "ಇಲ್ಲಕ್ಕ, ತಪ್ಪು ತಿಳಿದೆ" ಅನ್ನಲಿಲ್ಲ. ಒಂದು ಮಾತು — ಒಂದೇ ಮಾತು ಸಾಕಿತ್ತು.

ತೂಕದ ಹಣ ಕೊಡಹೋದರೆ ಅವರು ಬೇಡವೆಂದರು. "ಆಳ್ ಮಾಡಿದ್ದಕ್ಕೆ ದುಡ್ ಬೇರೆ ಕೇಡಾ?" ನಾನು ಬಲವಂತ ಮಾಡಿ ಕೈಗೆ ತುರುಕಿದೆ. ಹೊರಡುವಾಗ ಅವರು ಕೈಮುಗಿದರು. ನಾನು ಕಾಸು, ಪೊಟ್ಟಣ ಎಲ್ಲ ಚೀಲಕ್ಕೆ ತುಂಬಿಕೊಂಡು ಉಪಕಾರ ಮಾಡಿದವನ ಗತ್ತಿನಲ್ಲಿ ಬಸ್ಸು ಹತ್ತಿದೆ.

ಚಿನ್ನ, ಬೆಳ್ಳಿ ಬೆಂಗಳೂರಿನ ಒಬ್ಬ ದೊಡ್ಡ ವ್ಯಾಪಾರಿಯ ಕೈಸೇರಿದವು. ತಾಮ್ರದವನ್ನು ಅಂಗಡಿಯಲ್ಲೇ ಒಂದೊಂದಾಗಿ ಮಾರಿದೆ, ಮಾರುವ ಮೊದಲು ಬಚ್ಚಲ ಮಣ್ಣಿನಲ್ಲಿ ಹೂತು ಕಂದುಬಣ್ಣ ಬರಿಸಿಕೊಂಡು. ಪೊಟ್ಟಣಗಳನ್ನು ಏನು ಮಾಡಲಿ? ಒಂದೊಂದರ ಮೇಲೂ ಊರಿನ ಹೆಸರು, ಹೊಲದವನ ಹೆಸರು, ಗುರುತು ಹಿಡಿಯಬಲ್ಲ ಅಕ್ಷರ. ಬಿಸಿನೀರಿನ ಒಲೆಗೆ ಹಾಕಿದೆ. ಮೇಷ್ಟ್ರು ಮೂವತ್ತು ವರ್ಷ ಬರೆದದ್ದರಿಂದ ಒಂದು ಹಂಡೆ ನೀರೂ ಕಾಯಲಿಲ್ಲ.

ಎರಡು ಮೂರು ವರ್ಷ ಕಳೆಯಿತು. ನಾನು ಮರೆತಿದ್ದೆ ಎಂದರೆ ನೀವು ನಂಬುತ್ತೀರೋ ಇಲ್ಲವೋ — ಮರೆತೇ ಇದ್ದೆ. ಒಂದು ಬೆಳಿಗ್ಗೆ ಸಾಕಮ್ಮನವರು ಒಬ್ಬರೇ ಬಸ್ಸಿನಲ್ಲಿ ಬಂದು ಅಂಗಡಿಯ ಮುಂದೆ ನಿಂತರು. ಸೆರಗಿನ ತುದಿಯ ಗಂಟನ್ನು ಬಿಚ್ಚಿ, ಬಟ್ಟೆಯಿಂದಲೇ ಹಿಡಿದು, ಒಂದು ಕಾಸನ್ನು ನನ್ನ ಮೇಜಿನ ಮೇಲೆ ಜಾರಿಸಿದರು. ಕಂದು ತಿರುಗಿದ, ಸವೆದ, ಮಾಮೂಲಿ ಆನೆಕಾಸು.

"ಅವ್ರ ಕೋಟಿನ್ ಜೋಬಲ್ಲಿತ್ತು. ತೊಳ್ದಿಲ್ಲ ಕಣಣ್ಣ. ಕೈಯಲ್ಲೂ ಮುಟ್ಟಿಲ್ಲ. ಇದೊಂದಾರ ಅವ್ರು ಮಡಗಿದಂಗೇ ಅದೆ. ಕಾಲೇಜ್ಗೆ ಕೊಡಾಕಾಯ್ತದಾ ನೋಡು."

ಕಾಲೇಜಿಗೆ ಹೋದರೆ ಅವರು ಮಿಕ್ಕವೆಲ್ಲಿ ಎಂದು ಕೇಳುತ್ತಾರೆ. "ಒಂದನ್ನೇ ತಕೊಂಡು ಅವರೇನು ಮಾಡ್ತಾರಕ್ಕ, ನಿಮ್ಮ ಹತ್ರಾನೇ ಇರ್ಲಿ," ಎಂದೆ. ಅವರು ಮತ್ತೆ ಬಟ್ಟೆಯಿಂದಲೇ ಎತ್ತಿಕೊಂಡರು. ಗಂಟು ಹಾಕುತ್ತ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ: "ವರ್ಷಾ ವರ್ಷಾ ಎಡೆ ಇಕ್ವಾಗ ತಪ್ಪಾಯ್ತು ಅಂತ ಕೇಳ್ಕತೀನಿ. ಅವ್ರು ಒಂದ್ ದಿನಾನೂ ಕನಸಲ್ಲಿ ಬಂದಿಲ್ಲ. ಕ್ವಾಪ ಓಗಿಲ್ಲ ಅಂತ ಕಾಣ್ತದೆ."

ಆಗಲಾದರೂ ಹೇಳಬಹುದಿತ್ತು. ಅಂಗಡಿಯಲ್ಲಿ ಬೇರೆ ಗಿರಾಕಿಯಿರಲಿಲ್ಲ. ನಾನು ಎದ್ದು, ಅವರಿಗೆ ಕುಡಿಯಲು ನೀರು ಕೊಟ್ಟು, ಅಂದೆ — ಈಗ ಬರೆಯುವಾಗಲೂ ಕೈ ಹಿಂಜರಿಯುತ್ತದೆ — "ಹೋಗ್ಲಿ ಬಿಡಕ್ಕ. ಗೊತ್ತಿಲ್ದೆ ಆದದ್ದು. ಮೇಷ್ಟ್ರು ನಿಮ್ಮನ್ನ ಎಂದೋ ಕ್ಷಮಿಸಿದಾರೆ. ನಾನು ಹೇಳ್ತೀನಿ, ಕೇಳಿ."

ಅವರ ಕಣ್ಣಲ್ಲಿ ನೀರು ಬಂತು. "ನೀನ್ ಯೋಳುದ್ಯಲ್ಲ, ಸಾಕು ಬುಡು," ಎಂದು ನನ್ನ ಕೈ ಹಿಡಿದುಕೊಂಡರು. ಕೈ ಬಿಡಿಸಿಕೊಳ್ಳಲು ನಾನು ಬೀಗ ಒರೆಸುವ ನೆಪ ಹುಡುಕಿದೆ.

ಮರೆವು ಅಲ್ಲಿಗೆ ಮುಗಿಯಿತು. ಆಮೇಲಿನ ಮೂರು ವರ್ಷ ಪಿತೃಪಕ್ಷ ಬಂತೆಂದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಇವತ್ತು ಅವರು ಎಡೆ ಇಡುತ್ತಿರುತ್ತಾರೆ, ಈಗ ತಪ್ಪಾಯಿತು ಅನ್ನುತ್ತಿರುತ್ತಾರೆ… ಮೂರನೆಯ ವರ್ಷ, ಹಬ್ಬದ ಹಿಂದಿನ ದಿನ ನನ್ನ ಹೆಂಡತಿ ಹಿತ್ತಲಲ್ಲಿ ಕುಳಿತು ಹಿತ್ತಾಳೆ ಪಾತ್ರೆಗಳನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಪ್ರತಿ ವರ್ಷವೂ ತಿಕ್ಕುತ್ತಾಳೆ. ಆ ಸಲ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮರುದಿನ ನಮ್ಮ ಮನೆಯ ಎಡೆಯನ್ನು ತಮ್ಮನಿಗೆ ವಹಿಸಿ ಬೂಕನಕೆರೆಗೆ ಹೋದೆ.

ಮಧ್ಯಾಹ್ನ. ಪಟಕ್ಕೆ ಹೂವು ಹಾಕಿ ಆಗಿತ್ತು. ಸಾಕಮ್ಮನವರು ಬಾಳೆಲೆಯ ಮೇಲೆ ಒಬ್ಬಟ್ಟು ಬಡಿಸುತ್ತಿದ್ದರು. ಸೊಸೆ ಒಲೆಯ ಹತ್ತಿರವಿದ್ದಳು. ನನ್ನನ್ನು ನೋಡಿ ಮುಖ ಅರಳಿಸಿ, "ಒಳ್ಳೆ ದಿನಕ್ ಬಂದೆ, ಕುಂತ್ಕ," ಎಂದರು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಪೀಠಿಕೆಯೆಲ್ಲ ಕೈಕೊಟ್ಟಿತು.

"ಅಕ್ಕ, ನೀವು ತೊಳೆದದ್ದರಿಂದ ಏನೂ ಹಾಳಾಗಿರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ."

ಒಬ್ಬಟ್ಟು ಹಿಡಿದ ಕೈ ಅಲ್ಲೇ ನಿಂತಿತು. ಅವರು ಕೇಳಿದ ಮೊದಲ ಪ್ರಶ್ನೆ ಚಿನ್ನದ್ದಲ್ಲ, ಬೆಲೆಯದ್ದಲ್ಲ.

"ಕಾಲೇಜ್ಗೆ ಕೊಡ್ಬೋದಾಗಿತ್ತಾ?"

"ಕೊಡಬಹುದಾಗಿತ್ತು."

"ಪೊಟ್ಣಗಳು ಅವ್ಯಾ?"

"ಇಲ್ಲಕ್ಕ. ಸುಟ್ಟೆ."

ತಂದಿದ್ದ ಹಣದ ಕವರನ್ನು ಜಗುಲಿಯ ಮೇಲಿಟ್ಟೆ. ಅವರು ಆ ಕಡೆ ನೋಡಲೂ ಇಲ್ಲ. ಬೈದಿದ್ದರೆ, ಚಪ್ಪಲಿ ತೆಗೆದುಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಒಬ್ಬಟ್ಟನ್ನು ಎಲೆಯ ಮೇಲಿಟ್ಟು, ಕೈ ಒರೆಸಿಕೊಂಡು, ಪಟದ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತರು.

"ಇಷ್ಟ್ ವರ್ಸ ನನ್ ಕೈಲಿ ಕೇಳುಸ್ದೆ. ಈ ಸಲ ನೀನ್ ಕೇಳು."

ನಾನು ಪಟದ ಮುಂದೆ ನಿಂತೆ. ಮೇಷ್ಟ್ರು ಟೋಪಿ ಹಾಕಿಕೊಂಡು ಸೀದಾ ನನ್ನನ್ನೇ ನೋಡುತ್ತಿದ್ದರು. ತಪ್ಪಾಯಿತು ಎಂದೆ, ಸ್ವರ ಹೊರಗೆ ಬಂತೋ ಇಲ್ಲವೋ ತಿಳಿಯದು. ತಿರುಗಿದಾಗ ಸಾಕಮ್ಮನವರು ಅಲ್ಲೇ ಇದ್ದರು.

"ಕೇಳ್ದಾ?"

"ಕೇಳ್ದೆ ಅಕ್ಕ."

"ಏನಂದ್ರು?"

ವ್ಯಂಗ್ಯಕ್ಕೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಅಂಗಡಿಯಲ್ಲಿ ಮೇಷ್ಟ್ರ ಪರವಾಗಿ ಅಷ್ಟು ಸಲೀಸಾಗಿ ಉತ್ತರ ಕೊಟ್ಟವನು ನಾನಲ್ಲವೆ? ಅವರು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.