ಓಣಿಗೆಲ್ಲ ಕೇಳಿದ ಹೆಸರು

ನಮ್ಮ ಓಣಿಯಲ್ಲಿ ಮೆಲ್ಲಗೆ ಮಾತಾಡುವವನು ಒಬ್ಬನೇ, ಗಿಡ ಕಡಿಯುವ ಅಮಾತೆಪ್ಪ. ಉಳಿದವರೆಲ್ಲ ನನ್ನಂಥವರು. ಇಳಕಲ್ಲಿನ ಮಗ್ಗದ ಓಣಿಯಲ್ಲಿ ಬಾಳುವೆ ಮಾಡಬೇಕೆಂದರೆ ಗಂಟಲು ದೊಡ್ಡದಿರಲೇಬೇಕು. ಲಟಕ್ ಪಟಕ್ ಅನ್ನುವ ಮಗ್ಗಗಳ ನಡುವೆ 'ಚಹಾ ಆತು ಬರ್ರಿ' ಅನ್ನುವುದಕ್ಕೂ ಜಗಳಕ್ಕೆ ನಿಂತವರಂತೆ ಕೂಗಬೇಕು. ಅಂಥ ಕಡೆ ಈ ಮನುಷ್ಯ ಗುಟ್ಟು ಹೇಳುವವನ ಹಾಗೆ ಮಾತಾಡುತ್ತಾನೆ. ಕಿರಾಣಿ ಅಂಗಡಿಯಲ್ಲಿ ಅವನು ಬೆಲ್ಲ ಕೇಳುತ್ತ ನಿಂತರೆ, ಅವನ ಹಿಂದೆ ಬಂದವರೆಲ್ಲ ಸಂತೆ ಮುಗಿಸಿಕೊಂಡು ಹೋಗಿರುತ್ತಿದ್ದರು. 'ಏನಂದಿ? ಸ್ವಲ್ಪ ಜೋರ ಹೇಳೋ ಮಾರಾಯಾ' ಎಂಬ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿಸಿಕೊಂಡಿದ್ದಾನೆ.

ದೇವರು ಇಂಥವನಿಗೆ ಜೋಡಿ ಮಾಡಿದ್ದು ಗುರುಲಿಂಗವ್ವನನ್ನು. ಅವಳು ಬಾಗಿಲಲ್ಲಿ ನಿಂತು ಕೂಗಿದರೆ ಹುನಗುಂದದ ಬಸ್ಸು ನಿಲ್ಲುತ್ತದೆ. ಸುಳ್ಳಲ್ಲ, ಒಮ್ಮೆ ನಿಂತಿದೆ.

ಇಬ್ಬರೂ ಸೇರಿಯೇ ಗಿಡ ಕಡಿಯುತ್ತಿದ್ದರು. ಕೊಡಲಿ, ಗರಗಸದ ಕಾಲದಿಂದಲೂ ಅದೇ ಪದ್ಧತಿ. ಅವನು ಮೇಲೆ ಹತ್ತುವುದು, ಅವಳು ಕೆಳಗೆ ಹಗ್ಗ ಹಿಡಿದು ನಿಲ್ಲುವುದು. ಟೊಂಗೆಯ ಮೇಲೆ ಕುಳಿತವನಿಗೆ ಆ ಟೊಂಗೆ ಎತ್ತ ವಾಲುತ್ತಿದೆ, ಎಲ್ಲಿ ಸೀಳು ಬಿಡುತ್ತಿದೆ ಎಂಬುದು ಕಾಣುವುದಿಲ್ಲ. ಕೆಳಗಿದ್ದವರಿಗೆ ಕಾಣುತ್ತದೆ. ಅವಳು 'ಏನ್ರೀ...' ಎಂದು ಕೂಗುತ್ತಿದ್ದಳು, ಅವನು ಮೇಲಿನಿಂದ 'ಓ' ಅನ್ನುತ್ತಿದ್ದ. ಆ ಓ ಬಂದ ಮೇಲೆಯೇ ಅವಳು 'ಎಡಕ್ಕ ಸರೀರಿ', 'ಸಾಕು, ಇಳೀರಿ' ಎಂದು ಮುಂದಿನ ಮಾತು ಹೇಳುವುದು. ಇಷ್ಟು ವರ್ಷ ಅವನ ಕೈಕಾಲು ಗಟ್ಟಿಯಾಗಿ ಉಳಿದದ್ದು ಈ ಒಂದು ಕೂಗಿನಿಂದ, ಒಂದು ಓಗೊಡುವಿಕೆಯಿಂದ.

ಈ 'ಏನ್ರೀ' ಬಗ್ಗೆ ಒಂದು ಮಾತು ಹೇಳಬೇಕು. ಗುರುಲಿಂಗವ್ವ ಗಂಡನ ಹೆಸರು ಹೇಳುವವಳಲ್ಲ. ನಮ್ಮ ಕಡೆ ಹೆಂಗಸರು ಬರಿಯ ಬಾಯಲ್ಲಿ ಹೇಳದಿದ್ದರೂ ಮದುವೆಯಲ್ಲಿ, ಬಸಿರಿಗೆ ಹಸಿರು ಉಡಿಸುವ ಕುಬಸದಲ್ಲಿ ಒಡಪು ಕಟ್ಟಿ, ಪ್ರಾಸದ ಸಂದಿಯಲ್ಲಿ ಗಂಡನ ಹೆಸರನ್ನು ಸೇರಿಸಿ ಹೇಳುತ್ತೇವೆ. ಇವಳು ಅಲ್ಲಿಯೂ ಹೇಳುವುದಿಲ್ಲ. 'ಹೆಸರ ಹೇಳ ಗುರುಲಿಂಗವ್ವ' ಅಂದರೆ ಸೆರಗು ಬಾಯಿಗೆ ಹಿಡಿದು ಅಡಿಗೆಮನೆಗೆ ಓಡುತ್ತಾಳೆ. ಸಂತೆಯಲ್ಲಿ ಇವಳು 'ಏನ್ರೀ' ಎಂದು ಕೂಗಿದರೆ ಅರ್ಧ ಸಂತೆಯ ಗಂಡಸರು ತಿರುಗಿ ನೋಡುತ್ತಾರೆ, ಆದರೂ ಇವಳ ಹಟ ಹಟವೇ.

ಕೊಡಲಿ ಹೋಗಿ ಪೆಟ್ರೋಲಿನ ಚೈನ್ ಮಷೀನು ಬಂತು. ಅದರ ಸದ್ದೇನೂ ಕಡಿಮೆಯಲ್ಲ, ಆದರೆ ಒಂದು ಕೊಯ್ತ ಮುಗಿಸಿ ಅಮಾತೆಪ್ಪ ಕೈ ಸಡಿಲ ಬಿಟ್ಟಾಗ ಅದು ಗುರ್‍ರ್ ಎಂದು ಸಣ್ಣಗೆ ನಿಲ್ಲುತ್ತಿತ್ತು. ಆ ಸಂದಿಯಲ್ಲಿ ಇವಳ ಕೂಗು ನುಗ್ಗುತ್ತಿತ್ತು. ಹಾಗೆ ನಡೆಯುತ್ತಿದ್ದುದನ್ನು ಕೆಡಿಸಿದವನು ಖಾಸಿಂಸಾಬ.

ಖಾಸಿಂಸಾಬನದು ಮೋಟರ್ ಸೈಕಲ್ ರಿಪೇರಿ ಅಂಗಡಿ. ಊರಿನ ಹುಡುಗರ ಗಾಡಿಗಳ ಸೈಲೆನ್ಸರ್ ಬಿಚ್ಚಿ ನಮ್ಮ ನಿದ್ದೆ ಕೆಡಿಸುವುದು ಅವನ ಕಸುಬು. ಮನುಷ್ಯ ಮಾತ್ರ ಬಂಗಾರ. ಒಮ್ಮೆ ರಿಪೇರಿಗೆ ಬಂದ ಚೈನ್ ಮಷೀನು ತಿರುಗಿಸಿ ನೋಡಿ, "ಅಮಾತೆಪ್ಪಣ್ಣ, ಇದರ ಉಸಿರು ಸೈಲೆನ್ಸರಿನ್ಯಾಗ ಸಿಕ್ಕೊಂಡೈತಿ. ಬಾಯಿ ಬಿಚ್ಚಿಬಿಡ್ತೀನಿ, ಆಮ್ಯಾಲ ನೋಡು ಹೆಂಗ ಕೊಯ್ತೈತಿ" ಎಂದ. ಸೈಲೆನ್ಸರಿಗೆ ದೊಡ್ಡ ತೂತು ಕೊರೆದು, ಕಿಡಿ ತಡೆಯುವ ಜಾಳಿಗೆಯನ್ನೂ ಕಿತ್ತು ಒಗೆದ.

ಮೊದಲ ದಿನವೇ ಮಷೀನು ಕಾದು ಕೆಂಪಾಗಿ ನಿಂತುಬಿಟ್ಟಿತು. ಹೊಗೆಯ ದಾರಿ ಅಗಲವಾದರೆ ಅದು ಗಾಳಿಯನ್ನು ಹೆಚ್ಚು ಎಳೆಯುತ್ತದಂತೆ. ಅದಕ್ಕೆ ತಕ್ಕಷ್ಟು ಪೆಟ್ರೋಲು ಬೀಳದಿದ್ದರೆ ಒಳಗಿನ ಪಿಸ್ಟನ್ ಸುಟ್ಟು ಕಚ್ಚಿಕೊಳ್ಳುತ್ತದಂತೆ. ಖಾಸಿಂಸಾಬ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಅದನ್ನೂ ಸರಿ ಮಾಡಿದ. ಆಮೇಲೆ ನಿಜಕ್ಕೂ ಮಷೀನಿಗೆ ಹೊಸ ಕಸುವು ಬಂತು. ಕಬ್ಬಿಣದಂಥ ಜಾಲಿಯ ಬೊಡ್ಡೆಯನ್ನು ಬೆಣ್ಣೆಯಂತೆ ಕೊಯ್ದಿತು. ಸಂಜೆಯವರೆಗೆ ಎಳೆಯುತ್ತಿದ್ದ ಕೆಲಸ ಮಧ್ಯಾಹ್ನದ ರೊಟ್ಟಿಗೇ ಮುಗಿಯತೊಡಗಿತು. ಇನ್ನು ಸದ್ದು! ಎಮ್ಮೆಗಳು ಹಗ್ಗ ಹರಿದವು, ಮಹಾಕೂಟದ ಹತ್ತಿರದ ಪೇರಲ ತೋಟದಲ್ಲಿ ಮಂಗಗಳು ಹಣ್ಣು ಬಿಟ್ಟು ಓಡಿದವು. ತೋಟದವನು ಖುಷಿಯಾಗಿ, 'ಗಿಡ ಕಡೀಬ್ಯಾಡ, ದಿನಾ ಬಂದು ಚಾಲೂ ಮಾಡಿ ಹೋಗು ಸಾಕು' ಎಂದನಂತೆ. ಎಲ್ಲೋ ಕೆಲಸ ನಡೆದಿದ್ದರೆ ಸದ್ದು ಕೇಳಿಯೇ ಜನ ಹುಡುಕಿಕೊಂಡು ಬರುತ್ತಿದ್ದರು. ಹುಟ್ಟಿದಾಗಿನಿಂದ ಯಾರಿಗೂ ಕೇಳಿಸದ ಅಮಾತೆಪ್ಪ ಈಗ ಮಷೀನು ಚಾಲೂ ಮಾಡುವ ದಾರ ಎಳೆದರೆ ಇಡೀ ಊರು ತಿರುಗಿ ನೋಡುತ್ತಿತ್ತು. ಅವನು ಎದೆ ಉಬ್ಬಿಸಿ ನಡೆಯುವುದನ್ನು ನಾನು ಮೊದಲ ಸಲ ನೋಡಿದೆ, ನೋಡಿ ಸಂತೋಷವೂ ಆಯಿತು.

ಆದರೆ ಬಾಯಿ ಬಿಚ್ಚಿದ್ದಕ್ಕೆ ಮಷೀನು ತನ್ನ ಪಾಲು ವಸೂಲು ಮಾಡತೊಡಗಿತು. ಪೆಟ್ರೋಲನ್ನು ಮದುವೆ ಮನೆಯ ಮಜ್ಜಿಗೆಯಂತೆ ಕುಡಿಯಿತು. ಐಹೊಳೆ ಕಡೆ ಹೊಲದ ಬದುವಿನಲ್ಲಿ ಕಿಡಿ ಹಾರಿ ಒಣ ಹುಲ್ಲಿಗೆ ಬೆಂಕಿ ಹತ್ತಿತು. ಕಂಬಳಿ ಹೊದಿಸಿ ಬಡಿದು ಆರಿಸುವಷ್ಟರಲ್ಲಿ ಸಾಕುಬೇಕಾಯಿತು. ರಾತ್ರಿ ಅವನ ಕಿವಿಯಲ್ಲಿ ಸಿಳ್ಳೆ ಶುರುವಾಯಿತು. ಕಿವಿ ಮಂದವಾದವರ ಬಾಯಿ ಜೋರಾಗುತ್ತದಲ್ಲ, ಹಾಗೆ ನಮ್ಮ ಮೆಲುಮಾತಿನ ಅಮಾತೆಪ್ಪ ಒಂದು ದಿನ ಅಂಗಡಿಗೆ ಹೋಗಿ "ಬೆಲ್ಲ ಕೊಡ್ರೀ!" ಎಂದು ಅಬ್ಬರಿಸಿದ. ಅಂಗಡಿಯವನ ಕೈಯಿಂದ ತಕ್ಕಡಿ ಜಾರಿತು. ನಾವೆಲ್ಲ ವಾರಗಟ್ಟಲೆ ನಕ್ಕೆವು.

ನಗದವಳು ಗುರುಲಿಂಗವ್ವ ಒಬ್ಬಳೇ. ಅವಳು ಅವನ ಜೊತೆ ಕೆಲಸಕ್ಕೆ ಹೋಗುವುದನ್ನೇ ಬಿಟ್ಟಿದ್ದಳು.

ಇದು ನನಗೆ ಸರಿಯಾಗಿ ತಿಳಿದದ್ದು ನಮ್ಮ ಹಿತ್ತಲಿನ ಬೇವಿನ ಗಿಡದ ಕೆಲಸ ಬಂದಾಗ. ಅದರ ಒಂದು ದೊಡ್ಡ ಟೊಂಗೆ ಒಣಗಿ ನನ್ನ ಮಗ್ಗದ ಕೋಣೆಯ ಹಂಚಿನ ಮೇಲೆ ವಾಲಿತ್ತು. ಮುಂಗಾರಿನ ಗಾಳಿ ಎದ್ದರೆ ತಾನೇ ಬೀಳುವುದು ಖಾತ್ರಿ. ಕೆಳಗಿರುವುದು ಕುಣಿ ಮಗ್ಗ, ನೆಲದಲ್ಲಿ ಹೂತದ್ದು, ಎತ್ತಿ ಸರಿಸುವಂತಿಲ್ಲ. ಅದರ ಮೇಲೆ ಅರ್ಧ ನೇಯ್ದ ಹಸಿರು ಸೀರೆ. ಬಸಿರಿ ಮಗಳು ಮಹೇಶ್ವರಿಯ ಕುಬಸಕ್ಕೆಂದೇ ನಾನು ಮೈಯ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕಿ ಕೂಡಿಸಿದ ಸೀರೆ ಅದು. ಊರಿಗೆಲ್ಲ ಸೀರೆ ನೇಯ್ದು ಮಗಳಿಗೆ ಅಂಗಡಿಯದ್ದು ಉಡಿಸಲೇನು?

ಅಮಾತೆಪ್ಪ ಬಂದು ಗಿಡ ನೋಡಿದ. "ನಾಳೆ ಮುಂಜಾನೆ ಉರಳಿಸಿಬಿಡ್ತೇನಿ ಅಕ್ಕಾ!" ಎಂದು ಕಿರುಚಿದ.

"ಕಿವುಡಿಗಿ ಹೇಳಿದಂಗ ಹೇಳಬ್ಯಾಡೋ ಯಪ್ಪಾ, ನಾ ಇಲ್ಲೇ ಅದೀನಿ. ನಾಳೆ ಗುರುಲಿಂಗವ್ವನ್ನ ಕರ್ಕೊಂಡು ಬಾ. ಅಕಿ ಇಲ್ಲಂದ್ರ ನನ್ನ ಗಿಡ ಮುಟ್ಟಬ್ಯಾಡ" ಎಂದೆ.

"ಅಕಿ ಬಂದ್ರೂ ಅಷ್ಟ, ಬಿಟ್ಟರೂ ಅಷ್ಟ. ನನಗೇನ ಕೇಳಸೂದಿಲ್ಲ."

ಅದನ್ನು ಅವನು ದೊಡ್ಡಸ್ತಿಕೆಯಿಂದ ಹೇಳಿದ್ದು ನನಗೆ ಸಿಟ್ಟು ತರಿಸಿತು. ಸಂಜೆ ನಾನೇ ಅವರ ಮನೆಗೆ ಹೋದೆ. ಗುರುಲಿಂಗವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು.

"ನಾ ಬಂದು ಏನ ಮಾಡ್ಲಿ ಸುನಂದಕ್ಕ? ಮೊದಲ 'ಏನ್ರೀ' ಅಂದ್ರ 'ಓ' ಅಂತಿದ್ರು. ಈಗ ಕೂಗಿ ಕೂಗಿ ನನ್ನ ಗಂಟಲ ಹರೀತೈತಿ, ಆ ಮಷೀನ ಉತ್ತರಾ ಕೊಡತೈತಿ. ಒಂದಿನ ಮ್ಯಾಲಿಂದ ಬಿದ್ದ ಮ್ಯಾಲೇ ನನಗ ಓ ಅಂತಾರೇನೋ" ಎಂದಳು. ಬಸ್ಸು ನಿಲ್ಲಿಸುವ ಗಂಟಲಿನ ಆ ಮಾತು ಕೇಳಲು ನಾನು ಹತ್ತಿರ ಬಗ್ಗಬೇಕಾಯಿತು.

"ನನ್ನ ಮಗ್ಗದ ಮುಖ ನೋಡಿ ಬಾರವ್ವ" ಎಂದೆ. ಬಂದಳು.

ಮರುದಿನ ಬೊಡ್ಡೆಗೆ ಕುಂಕುಮ ಹಚ್ಚಿ, ಗಿಡದ ಕ್ಷಮೆ ಕೇಳಿಕೊಂಡು, ಅಮಾತೆಪ್ಪ ಮೇಲೆ ಹತ್ತಿದ. ಒಣ ಟೊಂಗೆಗೆ ಕಟ್ಟಿದ ಹಗ್ಗವನ್ನು ಮೇಲಿನ ಕವಲಿನಿಂದ ಇಳಿಬಿಟ್ಟಿದ್ದ. ಅದನ್ನು ಗುರುಲಿಂಗವ್ವ ಮತ್ತು ಓಣಿಯ ನಾಲ್ಕು ಗಂಡಸರು ಹಿಡಿದರು. ಅವಳು ಅವನ ಮುಖವನ್ನೂ ನೋಡಲಿಲ್ಲ. ಅವನು ದಾರ ಎಳೆದ. ನನ್ನ ಅಡಿಗೆಮನೆಯ ಡಬ್ಬಿಗಳೆಲ್ಲ ಗದಗದ ನಡುಗಿದವು.

ಕೊಯ್ತ ಅರ್ಧಕ್ಕೂ ಬಂದಿರಲಿಲ್ಲ. ಟೊಂಗೆಯ ಒಳಗೆ ಪೊಟರೆಯಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಅವನು ಕೊಯ್ಯುತ್ತಿದ್ದ ಜಾಗಕ್ಕಿಂತ ಹಿಂದೆ, ಅವನು ಕಾಲು ಊರಿದ್ದ ಕಡೆಯೇ ಸೀಳು ಬಿಡತೊಡಗಿತು. ಆ ಸೀಳು ಪೂರಾ ಬಿಟ್ಟರೆ ಟೊಂಗೆಯ ಜೊತೆ ಅವನೂ ನನ್ನ ಮಗ್ಗದ ಮೇಲೆಯೇ ಬೀಳಬೇಕು. ಮೊದಲು ನೋಡಿದವಳು ಗುರುಲಿಂಗವ್ವ.

"ಏನ್ರೀ...!"

ಹಗ್ಗ ಹಿಡಿದ ನಾಲ್ವರೂ ತಿರುಗಿದರು. ಅವನು ತಿರುಗಲಿಲ್ಲ.

"ಏನ್ರೀ... ಬಿಡ್ರೀ, ಸೀಳೇತ್ರೀ!"

ಎದುರುಮನೆಯ ನೀಲಾಬಾಯಿಯ ಗಂಡನೂ ಮಾಳಿಗೆಯಿಂದ ಬಗ್ಗಿ ನೋಡಿದ. ಗಿಡದ ಮೇಲಿನವನು ಮಾತ್ರ ಕೊಯ್ಯುತ್ತಲೇ ಇದ್ದ. ಆಗ ಗುರುಲಿಂಗವ್ವ ತನ್ನ ಉಸಿರನ್ನೆಲ್ಲ ಕೂಡಿಸಿ, ಮದುವೆಯಾದಾಗಿನಿಂದ ನುಡಿಯದ ಮಾತನ್ನು ನುಡಿದಳು.

"ಅಮಾತೆಪ್ಪಾ...! ಲೇ ಅಮಾತೆಪ್ಪಾ...!"

ಓಣಿಯ ಮಗ್ಗಗಳೆಲ್ಲ ಗಕ್ಕನೆ ನಿಂತವು. ನಾನು ಬಾಯಿಗೆ ಕೈ ಹಿಡಿದೆ. ಊರೆಲ್ಲ ಕೇಳಿದ ಆ ಹೆಸರು ಹೆಸರಿನವನಿಗೆ ಮಾತ್ರ ಮುಟ್ಟಲಿಲ್ಲ. ಮಷೀನು ಒದರುತ್ತಲೇ ಇತ್ತು.

ಕೆಲಸದವರ ಊಟಕ್ಕೆಂದು ನಾನು ಕಟ್ಟೆಯ ಮೇಲೆ ಹಪ್ಪಳದಂತೆ ಒಣಗಿದ ಕಟಕ್ ರೊಟ್ಟಿಯ ಬುಟ್ಟಿ ತಂದಿಟ್ಟಿದ್ದೆ. ಹಗ್ಗವನ್ನು ಪಕ್ಕದವನ ಕೈಗೆ ಕೊಟ್ಟು ಅವಳು ಒಂದು ರೊಟ್ಟಿ ಎತ್ತಿ ಬೀಸಿ ಒಗೆದಳು. ಅದು ಟೊಂಗೆಗೆ ಬಡಿದು ಪುಡಿಯಾಯಿತು. ಇನ್ನೊಂದು ಒಗೆದಳು. ಅದು ಗಾಳಿಯಲ್ಲಿ ಗಿರ್‍ರನೆ ತಿರುಗುತ್ತ ಹೋಗಿ ಅವನ ಕುತ್ತಿಗೆಗೆ ಟಪ್ ಎಂದು ಬಡಿಯಿತು. ಹದ್ದು ಕುಕ್ಕಿತೆಂದು ಅವನು ಬೆಚ್ಚಿ ಕೆಳಗೆ ನೋಡಿದ. ಹೆಂಡತಿ ಎರಡೂ ಕೈ ಬೀಸುತ್ತಿದ್ದಳು. ಮಷೀನು ಆರಿಸಿದ.

ಆ ಮೌನದಲ್ಲಿ ಟೊಂಗೆ ಚಟ್ ಚಟ್ ಅನ್ನುವುದು ನಮಗೆಲ್ಲ ಕೇಳಿಸಿತು. ಅವನಿಗೂ ಕೇಳಿಸಿತು.

"ಏನ್ರೀ..." ಎಂದಳು ಗುರುಲಿಂಗವ್ವ, ಈಗ ಮೆತ್ತಗೆ.

"ಓ" ಎಂದ ಅವನು.

"ಅಲುಗಾಡಬ್ಯಾಡ್ರಿ. ಎಡಗಾಲ ಹಿಂದ ತಗೀರಿ. ಕೆಳಗ ಹಸೀ ಟೊಂಗಿ ಐತಿ, ಅದರ ಮ್ಯಾಲ ಊರ್‍ರಿ."

"ಓ."

ಅವನು ಹಸಿ ಟೊಂಗೆಗೆ ಇಳಿದ. ಮಷೀನನ್ನು ಹಗ್ಗದಲ್ಲಿ ಕೆಳಗಿಳಿಸಿ ಹಳೆಯ ಗರಗಸ ಏರಿಸಿಕೊಂಡ. ಉಳಿದದ್ದನ್ನೆಲ್ಲ ಕೈಯಿಂದಲೇ ಕೊಯ್ದ. ಮುಂಜಾನೆಯೆಲ್ಲ ನಮ್ಮ ಹಿತ್ತಲಿನಲ್ಲಿ ಏನ್ರೀ, ಓ, ಏನ್ರೀ, ಓ. ಕೊನೆಗೆ ಐದೂ ಜನ ಹಗ್ಗ ಜಗ್ಗಿದಾಗ ಟೊಂಗೆ ಅಂಗಳದ ಕಡೆ ತೂಗಿ ನೆಲಕ್ಕೆ ಬಂತು. ಹೋದದ್ದು ಎರಡು ಹಂಚು ಮಾತ್ರ. ಸೀರೆಯ ಒಂದು ಎಳೆಯೂ ಅಲುಗಲಿಲ್ಲ.

ಗುರುಲಿಂಗವ್ವ ಮೊದಲು ರೊಟ್ಟಿಯ ಚೂರುಗಳನ್ನು ಆರಿಸಿ ಕಣ್ಣಿಗೆ ಒತ್ತಿಕೊಂಡು, 'ಅನ್ನ ಒಗದ್ನಿ, ತಪ್ಪಾತಪ್ಪ ಬಸವಣ್ಣ' ಎಂದಳು. ಅಷ್ಟರಲ್ಲಿ ನೀಲಾಬಾಯಿ ಮಾಳಿಗೆಯಿಂದ ಕೂಗಿದಳು. "ಅಮಾತೆಪ್ಪಣ್ಣ, ನಿನ್ನ ಹೇಣ್ತಿ ನಿನ್ನ ಹೆಸರ ಹಿಡದು ಕರದ್ಲಲ್ಲೋ! ಲೇ ಅಂತನೂ ಅಂದ್ಲು!"

ಅವನು ಹೆಂಡತಿಯ ಕಡೆ ತಿರುಗಿದ. "ಖರೇನ?"

"ನಾ ಯಾಕ ಅನ್ಲಿ?" ಅವಳ ಮುಖ ಕೆಂಪೇರಿತು. ಓಣಿಗೆ ಓಣಿಯೇ ಸಾಕ್ಷಿ ಹೇಳಿತು.

"ಇನ್ನೊಮ್ಮೆ ಅಂದ್ರ ಏನ ಹೋಗತೈತಿ?"

"ಆವಾಗ ಕೇಳಬೇಕಿತ್ತು" ಎಂದು ಸೆರಗು ಕೊಡವಿ ಅವಳು ನಡೆದುಬಿಟ್ಟಳು.

ಅವನು ಊಟಕ್ಕೂ ಕೂರಲಿಲ್ಲ. ಮಷೀನು ಹೊತ್ತುಕೊಂಡು ನೇರ ಖಾಸಿಂಸಾಬನ ಅಂಗಡಿಗೆ ಹೋದ. "ಇದರ ಬಾಯಿ ಮುಚ್ಚು." ಖಾಸಿಂಸಾಬ ಕಸುವು ಹೋಗತೈತಿ, ಕೊಯ್ಯೂದು ನಿಧಾನ ಆಗತೈತಿ ಎಂದೆಲ್ಲ ಹೇಳಿದನಂತೆ. "ಹೋಗ್ಲಿ. ನನಗ ಒಂದ ಮಾತ ಕೇಳೂದೈತಿ" ಎಂದನಂತೆ ಇವನು. ತೂತಿಗೆ ವೆಲ್ಡಿಂಗ್ ಬಿತ್ತು, ಹೊಸ ಜಾಳಿಗೆ ಬಂತು, ಸ್ಕ್ರೂ ಹಿಂದಿನ ಜಾಗಕ್ಕೆ ತಿರುಗಿತು. ಕಸುವು ಕಡಿಮೆಯಾದದ್ದು ನಿಜ. ಅದಕ್ಕೆ ಈಗ ಗುರುಲಿಂಗವ್ವ ದಿನಾ ಸಂಜೆ ಅರ ಹಿಡಿದು ಚೈನಿನ ಹಲ್ಲುಗಳನ್ನು ಹರಿತ ಮಾಡುತ್ತಾಳೆ. ಹಲ್ಲು ಚೂಪಿದ್ದರೆ ಬಾಯಿ ದೊಡ್ಡದಿರಬೇಕಿಲ್ಲ ಎಂದು ಖಾಸಿಂಸಾಬನೇ ಈಗ ಗಿರಾಕಿಗಳಿಗೆ ಉಪದೇಶ ಮಾಡುತ್ತಾನೆ, ಕಳ್ಳ.

ಇಬ್ಬರೂ ಮತ್ತೆ ಜೊತೆಯಲ್ಲಿಯೇ ಕೆಲಸಕ್ಕೆ ಹೊರಟರು. ಅವನ ಕಿವಿಯ ಸಿಳ್ಳೆ ಪೂರಾ ಹೋಗಿಲ್ಲ, ಆದರೆ ಮಾತು ಮೆತ್ತಗಾಯಿತು. ಅಂಗಡಿಯವನು ಮತ್ತೆ 'ಏನಂದಿ?' ಅನ್ನತೊಡಗಿದ. ಹೆಸರಿನ ಮಾತು ಮಾತ್ರ ಅವಳು ಎತ್ತಲಿಲ್ಲ. ಅವನು ದಿನಾ ಒಂದು ಸಲ ಕೇಳುತ್ತಿದ್ದ, ಅವಳು ದಿನಾ ಒಂದು ಸಲ ಬೈಯುತ್ತಿದ್ದಳು.

ಸೀರೆ ಮುಗಿಯಿತು. ಮಹೇಶ್ವರಿ ಅದನ್ನುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕುಬಸಕ್ಕೆ ಕುಳಿತಳು. ನನ್ನ ಮಗಳೆಂದು ಹೇಳುತ್ತಿಲ್ಲ, ಲಕ್ಷ್ಮಿ ಕಂಡಹಾಗೆ ಕಾಣುತ್ತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಒಡಪು ಹೇಳಿದರು. ಗುರುಲಿಂಗವ್ವನ ಸರದಿ ಬಂದಾಗ ನಾನು ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತೆ, ಈ ಸಲ ಓಡಗೊಡಬಾರದೆಂದು. ಅವಳು ಓಡಲಿಲ್ಲ. ಸೆರಗು ಸರಿಮಾಡಿಕೊಂಡು, ಎಂದಿನ ದೊಡ್ಡ ಗಂಟಲನ್ನು ಎಲ್ಲಿಟ್ಟಳೋ, ಗಂಡನ ಹಾಗೆ ಮೆತ್ತಗೆ ಹೇಳಿದಳು.

"ಬಸಿರಿ ಮೈಮ್ಯಾಗ ಹಸರ ಸೀರಿ ಚಂದ,
ಬೇವಿನ ಗಿಡದಾಗ ಗಿಣಿ ಮಾತ ಚಂದ,
ಬಾಯಿ ಮುಚ್ಚಿದ ಮಷೀನ ಊರಿಗೆಲ್ಲ ಚಂದ,
ಅಮಾತೆಪ್ಪನವರು ಓ ಅಂದ್ರ ನನಗ ಚಂದ."

ನಾವು ಚಪ್ಪಾಳೆಗೆ ಕೈ ಎತ್ತಿದ್ದೆವಷ್ಟೇ. ಅಷ್ಟರಲ್ಲಿ ಹೊರಗಿನ ಕಟ್ಟೆಯಿಂದ, ಗಂಡಸರ ನಡುವಿನಿಂದ, ಮೆಲುದನಿಯೊಂದು ಬಾಗಿಲು ದಾಟಿ ಬಂತು.

"ಓ."