ಮುಡಿಪಿನೊಳಗಿನ ಮ್ಯಾಗ್ನೆಟ್ ಕೀ

ನಮ್ಮ ಮನೆಯಲ್ಲಿ ಅಡಿಗೆಮನೆಗೆ ಹೋಗಬೇಕಾದರೆ ಒಂದು ವರ್ಷ ನಾನು ಅಡ್ಡ ತಿರುಗಿ ನಡೆದಿದ್ದೇನೆ. ಹೊಸಪೇಟೆಯ ಬಾಡಿಗೆ ಮನೆ, ಎರಡೇ ಕೋಣೆ. ಎರಡರ ನಡುವೆ ನಾಲ್ಕಡಿ ಅಗಲದ ಓಣಿಯಂಥ ಜಾಗ. ಆ ನಾಲ್ಕಡಿಯಲ್ಲಿ ಮೂರಡಿಯನ್ನು ಒಂದು ಮುದಿ ಮೋಟರ್‌ಸೈಕಲ್ ತಿಂದು ಕೂತಿತ್ತು. ಉಳಿದ ಒಂದಡಿ ನನ್ನದು. ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ದೇವರಿಗೆ ದೀಪ ಹಚ್ಚಲು ಹೋಗುವಾಗ ಸೆರಗನ್ನು ಎದೆಗೆ ಅವುಚಿಕೊಂಡು, ಹೊಟ್ಟೆಯನ್ನು ಒಳಗೆಳೆದುಕೊಂಡು ಏಡಿಯ ಹಾಗೆ ದಾಟುತ್ತಿದ್ದೆ. ಆದರೂ ವಾರಕ್ಕೆರಡು ಸಲ ಗ್ರೀಸು ತಾಗಿ ಮಡಿ ಕೆಡುತ್ತಿತ್ತು. ಮೊದಮೊದಲು ಮತ್ತೆ ಸ್ನಾನ ಮಾಡುತ್ತಿದ್ದೆ. ಆಮೇಲೆ ದೇವರಿಗೇ, "ನಿನ್ನ ವಾಹನ ಗರುಡ, ನಮ್ಮದು ಇದು, ಹೊಂದಿಕೊಂಡು ಹೋಗಪ್ಪ" ಎಂದು ಹೇಳಿಬಿಟ್ಟೆ.

ಗಾಡಿ ಬಂದದ್ದು ಕಂಪ್ಲಿಯಿಂದ. ನಮ್ಮ ಮನೆಯವರ ಸೋದರಮಾವನ ಹಿತ್ತಲಲ್ಲಿ, ಭತ್ತದ ಹೊಟ್ಟಿನ ಚೀಲಗಳ ಹಿಂದೆ, ಎಷ್ಟೋ ವರ್ಷದಿಂದ ಬಿದ್ದಿತ್ತು. ಜೋಡಿ ಸೈಲೆನ್ಸರಿನ, ಕಿಕ್ ಹೊಡೆದ ಕೋಲೇ ಮುಂದಕ್ಕೆ ಬಾಗಿ ಗೇರಿನ ಕೋಲಾಗುವ ಹಳೇ ಕಾಲದ ಗಾಡಿ. ಅದರ ಸೀಟಿನೊಳಗೆ ಇಲಿಗಳ ಎರಡು ತಲೆಮಾರು ಆಗಿಹೋಗಿದ್ದವು.

ಅದು ನಮ್ಮ ಮನೆಗೆ ಯಾಕೆ ಬಂತು ಎಂದು ಹೇಳಬೇಕಾದರೆ ಅದಕ್ಕೂ ನಾಲ್ಕು ತಿಂಗಳು ಹಿಂದೆ ಹೋಗಬೇಕು. ನಮ್ಮ ಮನೆಯವರು ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕ್ರೇನಿನ ಮೇಲೆ ಹತ್ತಿ ರಿಪೇರಿ ಮಾಡುವ ಕೆಲಸ. ಒಂದು ಮಧ್ಯಾಹ್ನ ಸಂಡೂರಿನಿಂದ ಬರುವಾಗ ಹಿಂದಿದ್ದ ಅದಿರು ಲಾರಿಗೆ ದಾರಿ ಬಿಡಲು ಹೋಗಿ, ರಸ್ತೆ ಬದಿಯ ಕೆಂಪು ಮಣ್ಣಿನಲ್ಲಿ ಬೈಕು ಜಾರಿ ಬಿದ್ದರು. ಹೆಲ್ಮೆಟ್ ಇತ್ತು, ಆದರೂ ತಲೆಗೆ ಪೆಟ್ಟಾಯಿತು. ಆರು ದಿನ ನಾನು ಯಾರೆಂಬುದು ಅವರಿಗೆ ಗೊತ್ತಿರಲಿಲ್ಲ. ಮೂರನೆಯ ದಿನ ನಾನು ಮನೆಗೆ ಬಂದು ಅರಿಷಿಣದ ಬಟ್ಟೆಯಲ್ಲಿ ಒಂದು ನಾಣ್ಯವಿಟ್ಟು ಮುಡಿಪು ಕಟ್ಟಿದೆ. ಇವರು ಮೊದಲಿನ ಹಾಗಾದರೆ ಇಬ್ಬರೂ ತಿರುಪತಿಗೆ ಬಂದು ಒಪ್ಪಿಸುತ್ತೇವೆ ಎಂದು ಹರಕೆ ಹೊತ್ತೆ. ಒಮ್ಮೆ ಕಟ್ಟಿದ ಮುಡಿಪನ್ನು ಹರಕೆ ತೀರುವ ತನಕ ಯಾರೂ ಬಿಚ್ಚುವ ಹಾಗಿಲ್ಲ. ನಮ್ಮಂಥ ಮನೆಗಳಲ್ಲಿ ಧೂಳು ಹೊಡೆಯುವಾಗಲೂ ಅದನ್ನು ಎತ್ತುವುದಿಲ್ಲ, ಸುತ್ತ ಒರೆಸುತ್ತೇವೆ.

ಏಳನೆಯ ದಿನ ಇವರು ಕಣ್ಣು ಬಿಟ್ಟು ನರ್ಸಮ್ಮನಿಗೆ, "ಇಕೀದು ಊಟ ಆಗ್ಯದೇನು ಕೇಳ್ರಿ" ಎಂದರು. ನಾನು ಆಸ್ಪತ್ರೆಯ ನೆಲದ ಮೇಲೆಯೇ ಕೂತು ಅತ್ತೆ.

ಮನೆಗೆ ಕಳಿಸುವಾಗ ಡಾಕ್ಟರು, "ಕೈಗೆ ಸಣ್ಣ ಸಣ್ಣ ಕೆಲಸ ಕೊಡ್ರಿ. ಮಾಡಿದ್ದನ್ನ ಬರದಿಡೋ ರೂಢಿ ಮಾಡಿಕೊಳ್ರಿ" ಎಂದಿದ್ದರು. ಕಾರ್ಖಾನೆಯವರು ಕ್ರೇನ್ ಬಿಡಿಸಿ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಸ್ಟೋರಿನಿಂದ ನಾಲ್ಕು ಗಂಟೆಗೆ ಮನೆಗೆ ಬಂದರೆ ಇವರ ಕೈ ಸುಮ್ಮನೆ ಇರುತ್ತಿರಲಿಲ್ಲ. ಒಂದು ದಿನ ಟೆಂಪೋದಲ್ಲಿ ಕಂಪ್ಲಿಯ ಗಾಡಿ ಬಂದಿಳಿಯಿತು. ನೋಡಿ ನನಗೆ ಸಮಾಧಾನವೇ ಆಯಿತು. ಈ ತುಕ್ಕಿನ ರಾಶಿ ಈ ಜನ್ಮದಲ್ಲಿ ಓಡುವುದಿಲ್ಲ, ಇವರು ಮನೆಯಲ್ಲೇ ಇರುತ್ತಾರೆ ಎಂದುಕೊಂಡು ನಗುನಗುತ್ತಾ ಜಾಗ ಬಿಟ್ಟುಕೊಟ್ಟೆ.

ಜಾಗ ಎಂದರೆ ಬರೀ ಆ ಓಣಿಯಲ್ಲ. ಮಗಳ ತೊಟ್ಟಿಲು ತೂಗಿದ್ದ ಕೊಂಡಿಗೆ ಇಂಜಿನ್ ಜೋತುಬಿತ್ತು. ಅದೇ ಮಗಳು ಈಗ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಳೆ, ಫೋಟೋ ಕಳಿಸಿದರೆ "ನನಗ ತಮ್ಮ ಹುಟ್ಯಾನೇನು?" ಎಂದು ಕೇಳಿದಳು. ಇಡ್ಲಿ ತಟ್ಟೆಯ ಗುಳಿಗಳಲ್ಲಿ ನಟ್ಟು, ವಾಷರು ತುಂಬಿದವು. ನಮ್ಮ ರಸ್ತೆಯಲ್ಲಿ ಲಾರಿಗಳ ಕೆಂಪು ಧೂಳು ಕಿಟಕಿ ಹಾಕಿದರೂ ಬರುತ್ತದೆ, ಹಸಿ ಬಣ್ಣದ ಮೇಲೆ ಕೂತರೆ ಹೋಗುವುದಿಲ್ಲ. ಹಾಗಾಗಿ ಪೆಟ್ರೋಲ್ ಟ್ಯಾಂಕಿಗೆ ಬಣ್ಣ ಹೊಡೆದದ್ದು ಬಚ್ಚಲುಮನೆಯಲ್ಲಿ. ಅದು ಒಣಗುವ ಮೂರು ದಿನ ನಾವು ಪಕ್ಕದ ಮನೆಯ ಬಚ್ಚಲಿಗೆ ಬಕೆಟ್ಟು ಹಿಡಿದು ಹೋದೆವು. ಪಕ್ಕದ ಮನೆಯಾಕೆ, "ಟ್ಯಾಂಕಿನ ಸ್ನಾನ ಮುಗೀತೇನ್ರಿ?" ಎಂದು ದಿನಾ ಕೇಳುತ್ತಿದ್ದಳು.

ಇವರು ಕೆಲಸ ಮಾಡುವ ರೀತಿಯೇ ಬೇರೆ. ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಹಾಸಿ, ಬಿಚ್ಚಿದ ಪ್ರತಿ ಸಾಮಾನನ್ನೂ ಅದರ ಮೇಲಿಟ್ಟು, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು ಹೆಸರು ಬರೆಯುತ್ತಿದ್ದರು. ಯಾವುದು ಎಲ್ಲಿತ್ತು ಎಂದು ತಲೆಯನ್ನು ಕೇಳುವ ಕೆಲಸವಿಲ್ಲ, ಹಾಳೆ ನೋಡಿದರೆ ಸಾಕು. ಡಾಕ್ಟರು ಹೇಳಿದ್ದನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ಆ ನಿಷ್ಠೆಯೇ ನನಗೆ ಮುಳುವಾಯಿತು. ಹಾಳೆಗಳು ಒಂದೊಂದಾಗಿ ಖಾಲಿಯಾಗಿ ತುಕ್ಕಿನ ರಾಶಿ ದಿನೇದಿನೇ ಗಾಡಿಯಾಗತೊಡಗಿತು. ಒಂದು ಸಂಜೆ ದೋಸೆ ಹಾಕುತ್ತಾ ತಿರುಗಿ ನೋಡಿದರೆ ಇವರು ಆ ಓಣಿಯಲ್ಲೇ ಗಾಡಿ ಹತ್ತಿ ಕೂತಿದ್ದರು. ಕೈ ಹ್ಯಾಂಡಲ್ ಮೇಲೆ, ಕಣ್ಣು ಗೋಡೆಯಾಚೆ ಎಲ್ಲೋ. "ಇನ್ನ ಮ್ಯಾಗ್ನೆಟ್ ಕೂಡಿಸೋದೊಂದು ಬಾಕಿ. ಮುಂದಿನ ಆಯ್ತವಾರ ಸಂಡೂರಿಗೆ ಹೋಗಿ ಬರ್ತೀನಿ" ಎಂದರು. ಅದೇ ರಸ್ತೆ, ಅದೇ ಲಾರಿಗಳು. ದೋಸೆ ಹತ್ತಿ ಕರಿಯಾಯಿತು.

"ಓಡಿಸೋದು ಬ್ಯಾಡ್ರಿ. ಹಂಗ ಚೆಂದಕ್ಕ ಇಟಗೊಳ್ಳೋಣು" ಎಂದೆ.

"ಕುದುರಿ ಕಟ್ಟಿ, ಹುಲ್ಲು ಹಾಕಿ, ನೋಡಿಕೋತ ಕೂಡೋದೇನು?" ಎಂದು ನಕ್ಕರು. ಅವರು ನಕ್ಕ ಮೇಲೆ ಆ ಮಾತು ಮುಗಿದ ಹಾಗೆ.

ಮರುದಿನ ಅವರು ಕೆಲಸಕ್ಕೆ ಹೋದಾಗ ಕೊನೆಯ ಹಾಳೆಯ ಮುಂದೆ ಕೂತೆ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಮ್ಯಾಗ್ನೆಟ್ ಕೀ. ಉಗುರಿನಷ್ಟು, ಅರ್ಧಚಂದ್ರದ ಆಕಾರದ ಉಕ್ಕಿನ ತುಂಡು. ಅದಿಲ್ಲದಿದ್ದರೆ ಮ್ಯಾಗ್ನೆಟ್ ಚಕ್ರ ಜಾಗದಲ್ಲಿ ನಿಲ್ಲುವುದಿಲ್ಲ, ಕಿಡಿ ಹೊತ್ತಿಗೆ ಸರಿಯಾಗಿ ಬೀಳುವುದಿಲ್ಲ, ಗಾಡಿ ಚಾಲೂ ಆಗುವುದಿಲ್ಲ. ಇದನ್ನೆಲ್ಲ ಇವರೇ ನನಗೆ ಚಹಾ ಕುಡಿಯುತ್ತಾ ಹೇಳಿದ್ದರು. ಅದನ್ನು ಎತ್ತಿಕೊಂಡೆ. ಡಬ್ಬಿಗಳಲ್ಲಿಟ್ಟರೆ ಸಿಗುತ್ತದೆ, ಇವರು ಹುಡುಕುವುದರಲ್ಲಿ ಗಟ್ಟಿ. ಇವರು ಎಂದೂ ಕೈಯಿಡದ ಜಾಗ ಮನೆಯಲ್ಲಿ ಒಂದೇ ಇತ್ತು. ಮುಡಿಪಿನ ಗಂಟನ್ನು ಚೂರೇ ಸಡಿಲಿಸಿ, ಒಳಗೆ ಜಾರಿಸಿ, ಬಿಗಿದುಬಿಟ್ಟೆ. ಇವರ ಜೀವ ಉಳಿಯಲೆಂದು ಕಟ್ಟಿದ್ದು, ಇವರ ಜೀವ ಉಳಿಯಲೆಂದೇ ಇನ್ನೊಂದು ವಸ್ತು ಸೇರಿಸಿದೆ, ಇದರಲ್ಲಿ ತಪ್ಪೇನು ಎಂದು ದೇವರೆದುರು ವಕೀಲಿಯನ್ನೂ ಮಾಡಿದೆ. ದೇವರು ಸುಮ್ಮನಿದ್ದ. ಒಪ್ಪಿದ ಎಂದುಕೊಂಡೆ.

ಮೊದಲ ದಿನ ಇವರು ತಾಳ್ಮೆಯಿಂದ ಹುಡುಕಿದರು. ಎರಡನೆಯ ದಿನ ಕಸವನ್ನು ಜರಡಿ ಹಿಡಿದರು. ಮೂರನೆಯ ದಿನ ಅಕ್ಕಿ ಡಬ್ಬಿ ಬೋರಲು ಹಾಕಿದರು, ತುಳಸಿಕಟ್ಟೆಯ ಮಣ್ಣು ಕೆದಕಿದರು.

"ನೀ ಕಂಡಿಯೇನು?"

"ಇಲ್ರಿ."

ಸುಳ್ಳು ಅದೊಂದೇ. ಆದರೆ ಅದನ್ನು ದಿನಾ ಹೇಳಬೇಕಾಗಿ ಬಂತು. ಇನ್ನು ನಾಲ್ಕು ದಿನ ಹುಡುಕಿ ಬೇಸತ್ತು ಬಿಟ್ಟುಬಿಡುತ್ತಾರೆ, ಗಾಡಿಯೂ ಮೂಲೆ ಸೇರುತ್ತದೆ ಎಂದು ಕಾದೆ. ಅವರಿಗೆ ಬೇಸರವಾಗಲಿಲ್ಲ. ನನ್ನನ್ನು ಕೇಳುವುದು ಬಿಟ್ಟು ತಮ್ಮನ್ನೇ ಕೇಳಿಕೊಳ್ಳತೊಡಗಿದರು. ಆ ಹಾಳೆಯ ಮುಂದೆ ಕೂತು, ಖಾಲಿ ಗೆರೆಯ ಮೇಲೆ ಬೆರಳಿಟ್ಟು, "ಇಲ್ಲಿಂದ ಎತ್ತೀನಿ. ಎತ್ತಿ ಎಲ್ಲಿಟ್ಟೆ?" ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಮನೆಯಲ್ಲಿ ಇನ್ನೊಬ್ಬಳ ಕೈ ಇದೆ ಎಂಬ ಯೋಚನೆ ಅವರಿಗೆ ಬರಲೇ ಇಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಒಂದು ನೋಟುಬುಕ್ಕು ಬಂತು. ಅದರ ಮೇಲೆ "ಮರೆತದ್ದು" ಎಂದು ಬರೆದಿದ್ದರು. ಮೊದಲನೆಯ ಸಾಲು ಮ್ಯಾಗ್ನೆಟ್ ಕೀ. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನಿಂದ ಮೂರು ಸಲ ವಾಪಸು ಬಂದು ಜಗ್ಗಿ ನೋಡುತ್ತಿದ್ದರು. ಊಟಕ್ಕೆ ಕೂತಾಗ, "ನನಗ ಏನರ ಕೇಳು" ಎನ್ನುತ್ತಿದ್ದರು. ನಮ್ಮ ಮದುವೆ ಯಾವ ವಾರ, ಮಲಪನಗುಡಿಯ ಅತ್ತೆಯ ಮಕ್ಕಳು ಎಷ್ಟು, ನಿನ್ನೆ ಏನು ಪಲ್ಯ ಎಂದು ನಾನು ಕೇಳಬೇಕು. ಎಲ್ಲವನ್ನೂ ಸರಿ ಹೇಳುತ್ತಿದ್ದರು, ಆದರೂ ಮುಖದಲ್ಲಿ ಗೆಲುವಿಲ್ಲ. "ಇವೆಲ್ಲಾ ನೆನಪವ. ಅದೊಂದು ಹ್ಯಾಂಗ ಹೋತು?" ಎನ್ನುತ್ತಿದ್ದರು. ಹೆದರಿದ್ದರು. ನಾನು ಲಾರಿಗೆ ಹೆದರಿದ್ದಕ್ಕಿಂತ ಹೆಚ್ಚು ಅವರು ತಮ್ಮ ತಲೆಗೆ ಹೆದರಿದ್ದರು.

ತೆಗೆದು ಚಾಪೆಯ ಕೆಳಗೆ ಹಾಕಿಬಿಡೋಣ ಎಂದು ಎಷ್ಟು ಸಲ ಎದ್ದೆನೋ. ಆದರೆ ಹತ್ತು ಸಲ ಕೊಡವಿದ ಚಾಪೆಯ ಕೆಳಗೆ ಸಿಕ್ಕರೆ ಅವರ ಹೆದರಿಕೆ ಇನ್ನೂ ಬಲಿಯುತ್ತದೆ. ಅಲ್ಲದೆ ಗಂಟಿಗೆ ಕೈ ಹಚ್ಚಲು ಈಗ ನನಗೇ ಭಯ. ಒಂದು ಬೆಳಿಗ್ಗೆ ಬಸ್ಸು ಹತ್ತಿ ಹಂಪಿಗೆ ಹೋದೆ. ಅಲ್ಲಿ ಪೌರೋಹಿತ್ಯ ಮಾಡುವ ಚಿಕ್ಕಪ್ಪ ಇದ್ದಾರೆ. ಬಜಾರಿನ ಕಲ್ಲು ಮಂಟಪದ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

"ಮುಡಿಪು ನಡುವ ಬಿಚ್ಚಬಹುದೇನು, ಚಿಕ್ಕಪ್ಪ?"

"ಹರಕಿ ತೀರೇದೇನು?"

"ಇನ್ನೂ ಇಲ್ಲ."

"ಹಂಗಾರ ಆ ಮಾತು ಬ್ಯಾಡ. ದೇವರಿಗೆ ಅಂತ ಕಟ್ಟಿದ್ದು ದೇವರದೇ." ನನ್ನ ಮುಖ ನೋಡಿದರು. "ಏನು ಮಾಡಿಕೊಂಡೀದಿ, ಹೇಳವಾ."

"ಸುಮ್ಮನ ಕೇಳಿದೆ" ಎಂದು ಎದ್ದೆ. ಅವರಿಗೆ ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಹೇಳಲು ನಾಚಿಕೆಯಾಯಿತು.

ಐದು ವಾರವಾದಾಗ ಕಾರ್ಖಾನೆಯ ಡಾಕ್ಟರು ಕರೆದರು. ಎಲ್ಲ ಸರಿಯಿದ್ದರೆ ಇವರು ಮತ್ತೆ ಕ್ರೇನ್ ಕೆಲಸಕ್ಕೆ. ಇಡೀ ವರ್ಷ ಇವರು ಕಾದಿದ್ದು ಆ ಒಂದು ಸಹಿಗೆ. ಸ್ಟೋರಿನ ಕುರ್ಚಿಯಲ್ಲಿ ಕೂತು ಕೂತು ಮನುಷ್ಯ ಕುಗ್ಗಿದ್ದರು. ನಾನೂ ಜೊತೆಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಇವರು ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ನಾ ಖರೇ ಹೇಳಿಬಿಡ್ತೀನಿ. ಕೈಯಾಗಿಂದು ಎಲ್ಲಿಟ್ಟೆ ಅಂತ ಗೊತ್ತಿಲ್ಲದವ ಕ್ರೇನ್ ಮ್ಯಾಲೆ ಹತ್ತಬಾರದು. ಕೆಳಗ ಮಂದಿ ಇರ್ತಾರ. ನಟ್ಟು ಬಿಚ್ಚೋ ಒಂದು ಪಾನಾ ಬಿದ್ದರೂ ಸಾಕು."

ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಒಳಗೆ ಕರೆದರು.

ಡಾಕ್ಟರು ಕೈ ನೋಡಿದರು, ಕಣ್ಣು ನೋಡಿದರು, ಗೆರೆಯ ಮೇಲೆ ನಡೆಸಿದರು. "ಮರವು ಏನರ ಅದ ಏನ್ರಿ?" ಎಂದು ಕೇಳಿದರು. ಇವರು ನೋಟುಬುಕ್ಕು ತೆರೆದು ಮೊದಲನೆಯ ಸಾಲು ಓದಿದರು.

"ಅದನ್ನ ನಾನು ತಗೊಂಡೀನ್ರಿ" ಎಂದೆ. ಡಾಕ್ಟರ ಕಡೆ ನೋಡಿ ಹೇಳಿದೆ, ಇವರ ಕಡೆ ನೋಡಲಾಗಲಿಲ್ಲ. "ಅವರು ಮರತಿಲ್ಲ. ನಾ ಬಚ್ಚಿಟ್ಟೀನಿ. ಗಾಡಿ ಓಡಬಾರದು ಅಂತ."

ಡಾಕ್ಟರು ಇವರಿಗೆ, "ಉಳಿದದ್ದು ಓದ್ರಿ" ಎಂದರು. ಇವರು ಓದಿದರು. ಅಂಗಡಿಯಲ್ಲಿ ಛತ್ರಿ ಬಿಟ್ಟು ಬಂದದ್ದು. ಮೊಸರು ತರುವುದು ಮರೆತದ್ದು. ಪಕ್ಕದ ಮನೆಯ ಅಳಿಯನ ಹೆಸರು. ಓದುವ ದನಿ ಬರಬರುತ್ತಾ ಸಣ್ಣಗಾಯಿತು.

"ಇಷ್ಟು ನಾನೂ ಮರೀತೀನಿ" ಎಂದು ಡಾಕ್ಟರು ಕಾಗದ ಎಳೆದುಕೊಂಡು ಸಹಿ ಹಾಕಿದರು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಕೂತರು. ಕುರೆಕುಪ್ಪ ದಾಟಿದ ಮೇಲೆ ಕೇಳಿದರು:

"ಎಲ್ಲಿಟ್ಟೀದಿ?"

"ಮುಡಿಪಿನಾಗ."

ಇವರು ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. ಬಿಚ್ಚಿದರೆ ಒಳಗೆ ಉಗುರಿನಷ್ಟು, ಅರ್ಧಚಂದ್ರದ ಆಕಾರದ ಹೊಸ ತುಂಡು.

"ಲೇಥ್ ಅಂಗಡಿಯಾವ ಅರ್ಧ ತಾಸಿನಾಗ ಮಾಡಿಕೊಟ್ಟ. ನಾಕು ವಾರ ಆತು."

"ಮತ್ತ ಯಾಕ ಹಾಕಲಿಲ್ರಿ?"

"ಇದನ್ನ ಹಾಕಿದ್ರ ಗಾಡಿ ಚಾಲೂ ಆಗ್ತಿತ್ತು. ಅದು ಎಲ್ಲಿ ಹೋತು ಅನ್ನೋದು ಹಂಗ ಉಳೀತಿತ್ತು."

ಅಂದರೆ ಒಂದು ವಾರಕ್ಕಿಂತ ಹೆಚ್ಚು ನಾನು ಗಾಡಿಯನ್ನು ತಡೆದೇ ಇರಲಿಲ್ಲ. ಉಳಿದ ನಾಲ್ಕು ವಾರ ಇವರನ್ನು ಸುಮ್ಮನೆ ಸುಟ್ಟಿದ್ದೆ. ಬಸ್ಸಿನ ತುಂಬ ಜನ, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಇವರು ಸುಮ್ಮನಿರು ಎನ್ನಲಿಲ್ಲ, ಬೈಯಲೂ ಇಲ್ಲ. ಎರಡು ದಿನ ಊಟಕ್ಕೆ ಕರೆದರೆ ಬಂದು ಊಟ ಮಾಡಿ ಎದ್ದುಹೋದರು, ಅಷ್ಟೇ. ಮೂರನೆಯ ದಿನ ಉಪ್ಪು ಕಡಿಮೆಯಾಗಿದೆ ಎಂದರು. ನಮ್ಮಲ್ಲಿ ರಾಜಿ ಆಗುವುದು ಹಾಗೆಯೇ.

ಹಳೇ ಕೀ ಮುಡಿಪಿನಲ್ಲೇ ಉಳಿಯಿತು, ಹೊಸದನ್ನು ಹಾಕಿದ ಮೇಲೆ ಗಾಡಿ ಚಾಲೂ ಆಯಿತು. ಓಣಿಯ ತುಂಬ ಹೊಗೆ, ಪಕ್ಕದ ಮನೆಯಾಕೆ ಬೆಂಕಿ ಬಿತ್ತೆಂದು ನೀರು ಹಿಡಿದು ಬಂದಳು. ಮುಂದಿನ ಆಯ್ತವಾರ ಇವರು ಸಂಡೂರಿಗೆ ಹೋಗಿಯೇ ಹೋದರು. ಬರುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ. ಇವತ್ತಿಗೂ ಅವರು ಆ ಗಾಡಿ ತೆಗೆದರೆ ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಆದರೆ ಬಚ್ಚಿಡುವ ಕೆಲಸ ಬಿಟ್ಟಿದ್ದೇನೆ. ಹೆದರಿಕೆಯಾದರೆ ಹೆದರಿಕೆ ಎಂದು ಬಾಯಿಬಿಟ್ಟು ಹೇಳುತ್ತೇನೆ. ಅವರು ಕೇಳಿಸಿಕೊಂಡು ಹೋಗುತ್ತಾರೆ.

ಒಂದು ಮಾತ್ರ ಬದಲಾಗಿದೆ. ಕನ್ನಡಕ ಕಾಣದಿದ್ದರೆ, ಬೀಗದ ಕೈ ಕಾಣದಿದ್ದರೆ, ಸ್ಕ್ರೂ ಡ್ರೈವರ್ ಕಾಣದಿದ್ದರೆ ಹೊರಗಿನ ಕೋಣೆಯಿಂದ ಮೊದಲು ನನ್ನನ್ನು ಕೇಳುತ್ತಾರೆ.

"ನೀ ಏನರ ತಗೊಂಡಿಯೇನು?"

ಚೇಷ್ಟೆಯಲ್ಲ, ಸಿಟ್ಟೂ ಅಲ್ಲ. ಹೊರಗೆ ಮಳೆ ಅದ ಏನು ಎಂದು ಕೇಳಿದ ಹಾಗೆ ಕೇಳುತ್ತಾರೆ. ಪ್ರತಿ ಸಲವೂ ನನಗೆ ಚುಚ್ಚುತ್ತದೆ. "ಇಲ್ರಿ" ಎನ್ನುತ್ತೇನೆ. ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೆ ಆಮೇಲೆ ಏನೂ ಗಾಬರಿಯಿಲ್ಲದೆ, ಸಿಳ್ಳೆ ಹಾಕುತ್ತಾ ಹುಡುಕುತ್ತಾರೆ. ಅನುಮಾನ ಅವರ ತಲೆಯಿಂದ ಇಳಿದು ನನ್ನ ಮೇಲೆ ಕೂತಿದೆ. ಅದನ್ನು ಇಳಿಸಿ ಎಂದು ನಾನು ಒಮ್ಮೆಯೂ ಕೇಳಿಲ್ಲ.